ಹಸಿರು ಡಬ್ಬಿ ಕೇಳಿದವರಿಗೆ ಕೆಂಪು ಡಬ್ಬಿ

ನಾನು ಬನಹಟ್ಟಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿಯವನು. ಗಿರಾಕಿಗಳ ಮೇಲೆ ನನಗಿದ್ದ ದೊಡ್ಡ ಸಿಟ್ಟು ಒಂದೇ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಯಾರೂ ತಲೆ ಓಡಿಸುವುದಿಲ್ಲ ಎಂಬುದು. ಪೇಟೆಯಲ್ಲಿ ಹೆಚ್ಚಾಗಿ ಓಡುವುದು ಎರಡು ಕಂಪನಿಗಳ ಕಾರ್ಡು. ಒಂದರ ಡಬ್ಬಿ ಹಸಿರು, ಇನ್ನೊಂದರದು ಕೆಂಪು. ನಮ್ಮ ಕಡೆ ಹೆಸರು ಹಿಡಿದು ಕೇಳುವವರು ಕಡಿಮೆ, ಬಣ್ಣ ಹೇಳಿದರೆ ಮುಗಿಯಿತು. ಮುಧೋಳದಿಂದ ಬಂದವರೂ ಹಸಿರು ಕೇಳುತ್ತಾರೆ, ಬೀಳಗಿಯಿಂದ ಬಂದವರೂ ಹಸಿರೇ. ಯಾಕೆ ಅಂದರೆ, "ನಮ್ಮ ಮಾವನ ಮನ್ಯಾಗ ಅದೇ ಐತ್ರಿ." ಅಲ್ಲಪ್ಪಾ, ಇದೂ ಒಂದು ಕಾರಣವೇ? ನಾನಂತೂ ಎದುರಿಗೇ ನಗುತ್ತಿದ್ದೆ.

ಆ ನಗುವೇ ನನಗೆ ಮುಳುವಾಯಿತು.

ಮೂರು ವರ್ಷದ ಹಿಂದೆ ರಬಕವಿಯಿಂದ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ನಲವತ್ತು ದಾಟಿದವರು. ಸೀರೆಯ ಅಂಚು, ಸೆರಗಿನ ನಮೂನೆಗಳನ್ನು ಗ್ರಾಫ್ ಹಾಳೆಯ ಮೇಲೆ ಕೈಯಿಂದ ಬರೆಯುವುದು ಅವರ ಕಸುಬು. ಅವರು ಬರೆದ ನವಿಲು ಮಗ್ಗದ ಮೇಲೆ ಇಳಿದದ್ದನ್ನು ನಾನೂ ನೋಡಿದ್ದೆ. ಆದರೆ ಸೀರೆ ಸಾಹುಕಾರರಿಗೆ ಈಗ ಹಾಳೆ ಸಾಲುತ್ತಿರಲಿಲ್ಲ. ನೇಯುವ ಮೊದಲೇ, ಉಟ್ಟಾಗ ಸೀರೆ ಹೇಗೆ ಕಾಣುತ್ತದೆಂದು ಪರದೆಯ ಮೇಲೆ ತೋರಿಸಬೇಕಿತ್ತು. ಇನ್ನು ವಾರಕ್ಕೆ ಸಾಹುಕಾರರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮದುವೆ ಹಂಗಾಮಿನ ಅಂಚುಗಳೆಲ್ಲ ಇವರ ಕೈಗೆ. ಇಲ್ಲವಾದರೆ ಕಸುಬೇ ಕೈಬಿಟ್ಟಂತೆ. ಕಂಪ್ಯೂಟರ್ ಕಲಿಯಲು ಆರು ತಿಂಗಳು ಕಷ್ಟಪಟ್ಟಿದ್ದರು.

"ಹಸರ ಡಬ್ಬೀದ ಹಾಕ್ರಿ ಅಣ್ಣಾರ, ನಮ್ಮ ಓಣ್ಯಾಗ ಎಲ್ಲಾರೂ ಅದನ್ನ ಹಾಕ್ಸ್ಯಾರ."

ಶುರುವಾಯಿತು ನನ್ನ ಪುರಾಣ. "ಅಕ್ಕಾರ, ಓಣಿ ನೋಡಿ ಪವರ್‌ಲೂಮ್ ತಗೊಂಡಂಗ ಕಾರ್ಡ್ ತಗೋತಾರೇನ್ರಿ? ಅದೇ ರೊಕ್ಕಕ್ಕ ಕೆಂಪಂದ್ರಾಗ ಡಬಲ್ ಮೆಮೊರಿ ಐತಿ ನೋಡ್ರಿ." ಕಾಗದದ ಮೇಲೆ ಅಂಕಿ ಬರೆದು ತೋರಿಸಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ನಕ್ಕೆ. ಅವರೂ ಮುಜುಗರದಿಂದ ನಕ್ಕು, "ಆತು ಬಿಡ್ರಿ, ನಿಮಗ ತಿಳೀತೈತಿ, ಹೆಂಗಂತೀರಿ ಹಂಗ" ಅಂದರು.

ಮಾಲು ಖಾಲಿ ಮಾಡಲು ಹಾಗೆ ಮಾಡಲಿಲ್ಲ, ಆಣೆ. ಹಾಗೆ ಮಾಡಿದ್ದರೆ ನನ್ನನ್ನು ನಾನು ಬೈದುಕೊಳ್ಳುವುದಾದರೂ ಸುಲಭವಿತ್ತು. ನಾನು ಶಾಣ್ಯಾ, ಎಲ್ಲ ಬಲ್ಲವ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೆ.

ಸಾಹುಕಾರರು ಬರುವ ಹಿಂದಿನ ದಿನ ಮಧ್ಯಾಹ್ನ ಫೋನು ಬಂತು. "ಅಣ್ಣಾರ, ಅಂಚು ಬರ್ಯಾಕ ಬರ್ತೈತ್ರಿ, ಉಟ್ಟಂಗ ತೋರಿಸಾಕ ಒಲ್ಲೆ ಅಂತೈತಿ." ರಬಕವಿಗೆ ಓಡಿದೆ. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಕಡೆಗೆ ಅವರು ಅಂಚು ಬರೆಯುವ ಸಾಫ್ಟ್‌ವೇರ್ ಜೊತೆ ಕೊಟ್ಟಿದ್ದ ಪುಸ್ತಿಕೆ ತೆಗೆದು ಓದಿದೆ. ಉಡಿಸಿ ತೋರಿಸುವ ಆ ಒಂದು ಕೆಲಸವನ್ನು ಹಸಿರು ಡಬ್ಬಿಯ ಕಾರ್ಡಿಗಾಗಿಯೇ ರೂಪಿಸಿದ್ದರು. ಕೆಂಪಿನದರಲ್ಲಿ ಏನೂ ಐಬಿರಲಿಲ್ಲ, ಈ ಕೆಲಸದ್ದಲ್ಲ ಅಷ್ಟೆ.

"ಕಲಿಸಿದ ಮಾಸ್ತರು ಇದನ್ನ ಹೇಳಿರಲಿಲ್ಲೇನ್ರಿ?" ಎಂದು ಅವರ ಮೇಲೆಯೇ ರೇಗಿದೆ.

"ಹೇಳಿದ್ರು. ಅವತ್ತ ನಿಮಗ ಹೇಳಾಕ ಹೋದ್ನಿ. ನೀವು ನಗಾಕತ್ತಿದ್ರಿ."

ಕಾರ್ಡು ಬದಲಿಸೋಣವೆಂದರೆ ಅಂಗಡಿಯಲ್ಲಿ ಹಸಿರಿನವು ಮುಗಿದಿದ್ದವು. ಜಮಖಂಡಿಯ ಅಂಗಡಿಗಳಿಗೆಲ್ಲ ಫೋನು ಹಚ್ಚಿದೆ, ಎಲ್ಲಿಯೂ ಇಲ್ಲ. ಹುಬ್ಬಳ್ಳಿಯಿಂದ ತರಿಸಿದರೆ ನಾಡಿದ್ದು. ಅವರ ಪಕ್ಕದ ಮನೆಯಲ್ಲಿ, ಓಣಿಯ ಉಳಿದ ಮನೆಗಳಲ್ಲಿ ಅದೇ ಕಾರ್ಡು ಇತ್ತು, ಆದರೆ ಆ ಮನೆಯವರೂ ನಾಳೆ ಅದೇ ಸಾಹುಕಾರರಿಗೆ ತಮ್ಮ ನಮೂನೆ ತೋರಿಸುವವರು. ಯಾವ ಬಾಯಿಂದ ಕೇಳುವುದು?

ಅಲ್ಲೇ ಕಟ್ಟೆಯ ಮೇಲೆ ಕೂತಾಗ ತಲೆಗೆ ಹೊಳೆಯಿತು. ನಾನೂ ನೇಕಾರರ ಓಣಿಯಲ್ಲೇ ಬೆಳೆದವನು. ಓಣಿಯವರೆಲ್ಲ ಒಂದೇ ಕಂಪನಿಯ ಪವರ್‌ಲೂಮ್ ಹಾಕಿಸುವುದು ದಡ್ಡತನದಿಂದಲ್ಲ. ಒಂದು ಸಾಮಾನು ಮುರಿದರೆ ಪಕ್ಕದ ಮನೆಯಿಂದ ತಂದು ಹಾಕಿ ಅವತ್ತಿನ ಸೀರೆ ಮುಗಿಸಬಹುದು, ಒಬ್ಬನೇ ಮಿಸ್ತ್ರಿಗೆ ಎಲ್ಲ ಮಗ್ಗದ ರೋಗವೂ ಗೊತ್ತಿರುತ್ತದೆ. ನನ್ನ ಅಪ್ಪನೂ ಹಾಗೇ ಕೊಂಡದ್ದು. ಆ ಮಂದಿ ಕಾರ್ಡನ್ನೂ ಅದೇ ಲೆಕ್ಕದಲ್ಲಿ ಕೇಳುತ್ತಿದ್ದರು. ಮಾವನ ಮನೆಯಲ್ಲಿ ಅದೇ ಐತಿ ಅಂದರೆ, ಕೈಕೊಟ್ಟಾಗ ಕೇಳಲು ಒಂದು ಮನೆ ಐತಿ ಅಂತ. ಅಷ್ಟು ವರ್ಷ ನಕ್ಕವನಿಗೆ ಇಷ್ಟು ತಿಳಿಯಲಿಲ್ಲವಲ್ಲ, ಥೂ!

ಮರುದಿನ ಸಾಹುಕಾರರು ಬಂದಾಗ ನಾನೂ ಬಾಗಿಲ ಬಳಿ ನಿಂತಿದ್ದೆ. ಆ ಹೆಣ್ಣುಮಗಳು ಗ್ರಾಫ್ ಹಾಳೆಗಳನ್ನೇ ಹರವಿದರು. ಸಾಹುಕಾರರು ಬಗ್ಗಿ ನೋಡಿ, "ಕೈ ಛಲೋ ಐತಿ ತಂಗಿ, ಖರೆ. ಆದ್ರ ಉಟ್ಟಾಗ ಹೆಂಗ ಕಾಣತೈತಿ?" ಅಂದರು. ತಪ್ಪು ನನ್ನದು, ಎರಡು ದಿನ ತಡೀರಿ ಎಂದು ನಾನು ಕೈಮುಗಿದೆ. ಸಾಹುಕಾರರಿಗೆ ಅಂದೇ ಎಲ್ಲ ಮುಗಿಸಬೇಕಿತ್ತು. ಪಕ್ಕದ ಮನೆಗೆ ಹೋದರು. ಹಂಗಾಮಿನ ಅಂಚುಗಳೂ ಅಲ್ಲಿಗೇ ಹೋದವು.

ಹುಬ್ಬಳ್ಳಿಯಿಂದ ಕಾರ್ಡು ಬಂದ ದಿನವೇ ಒಯ್ದೆ. ಮನೆಗೆ ಬೀಗ. ಮತ್ತೆರಡು ಸಲ ಹೋದೆ, ಸಿಗಲಿಲ್ಲ. ಆಮೇಲೆ ನಾಚಿಕೆಯಾಗಿ ಹೋಗುವುದನ್ನೇ ಬಿಟ್ಟೆ. ಅದೂ ನನ್ನದೇ ತಪ್ಪು.

ಹೋದ ತಿಂಗಳು ಧೈರ್ಯ ಮಾಡಿ ಮತ್ತೆ ಹೋದೆ. ಅವರು ಬೇರೆಯವರ ಮಗ್ಗಕ್ಕೆ ಕೂಲಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು. ಕಂಪ್ಯೂಟರಿನ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿದ್ದರು. ಬೈಯಲಿಲ್ಲ, ಚಹಾ ಮಾಡಿ ಕೊಟ್ಟರು. ಹೊಸ ಹಸಿರು ಡಬ್ಬಿಯನ್ನು ಮುಂದಿಟ್ಟು, "ಅಕ್ಕಾರ, ಇವತ್ತ ಹಾಕೇ ಹೋಗತೀನಿ, ಏನೂ ಕೊಡಬ್ಯಾಡ್ರಿ" ಅಂದೆ.

ಅವರು ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ಸರಿಸಿದರು.

"ಬ್ಯಾಡ್ರಿ ಅಣ್ಣಾರ. ಹಾಕಿದ್ರ ಮತ್ತ ಅಂಚ ಬರೀಬೇಕ ಅನಸ್ತೈತಿ."