ಬೆಂಡಿಲ್ಲದ ಗಾಳದ ಮರಿತಾಯಮ್ಮ

ಬೆಂಡೇ ಕಾಣದಿದ್ದರೆ ಮೀನು ಹಿಡಿಯೋದು ಹೇಗೆ ಅಂತ ಕೇಳಿದಿರಲ್ಲ, ಮರಿತಾಯಮ್ಮನ ಕತೆ ಇರೋದೇ ಅಲ್ಲಿ. ನೀರ ಮೇಲೆ ತೇಲುವ ಬೆಂಡು ಮುಳುಗಿದರೆ ಮೀನು ಕಚ್ಚಿದೆ ಅಂತ ಅರ್ಥ, ಸರಿ. ಆದರೆ ಅರವತ್ತೆಂಟರ ಮರಿತಾಯಮ್ಮನ ಕಣ್ಣಿಗೆ ಪೊರೆ. ಮಧ್ಯಾಹ್ನದ ಬಿಸಿಲಿಗೆ ಕೆರೆಯೆಲ್ಲ ಒಂದೇ ತಗಡಿನ ಹಾಗೆ ಹೊಳೆಯುತ್ತದೆ. ಹೋದ ತಿಂಗಳು ಬೆಂಡು ಮುಳುಗಿದ್ದು ಕಾಣದೆ ಕೂತಿದ್ದಾಗ ದೊಡ್ಡ ಮೀನೊಂದು ಗಾಳದ ಬಿದಿರು ಗಳವನ್ನೇ ಎಳೆದುಕೊಂಡು ಹೋಗಿತ್ತು. ಊರಿಗೆ ಊರೇ ನಕ್ಕಿತು.

ಆಮೇಲೊಂದು ದಿನ ಬೆಳಗ್ಗೆ ಸೋಮನಹಳ್ಳಿ ಫ್ಯಾಕ್ಟರಿಗೆ ಹೊರಟ ಮಗ ಮಹದೇವು ಬೈಕ್ ಹತ್ತುತ್ತಲೇ ಅಂದ:

“ಸಾಕು ಬುಡವ್ವ. ಕಣ್ ಕಾಣದೆ ಕೆರೆಗೆ ಬಿದ್ದುಗಿದ್ದೀಯ.”

“ಇವತ್ತೊಂದ್ ದಪ ಓಯ್ತೀನಿ ಕಣ್ಲಾ. ನೀ ಬರೋ ಒತ್ಗೆ ಮೀನು ಬೀಳ್ನಿಲ್ಲ ಅಂದ್ರೆ ಗಾಳ ನಿನ್ ಕೈಗೇ ಕೊಟ್ಬುಡ್ತೀನಿ. ಬಿತ್ತು ಅಂದ್ರೆ ನೀ ಇನ್ ಉಸ್ರು ಎತ್ತಂಗಿಲ್ಲ.”

“ಆಯ್ತು, ಮಾತಂದ್ರೆ ಮಾತು.”

ನಲವತ್ತು ವರ್ಷ ಕೂತ ಕಲ್ಲು ಅದು, ತೂಬಿನ ಪಕ್ಕ. ಮಧ್ಯಾಹ್ನ ಅಲ್ಲಿ ಬಂದು ಕೂತ ಮರಿತಾಯಮ್ಮ ಈ ಸಲ ಗಳವನ್ನೂ ಬಿಟ್ಟಳು, ಬೆಂಡನ್ನೂ ಬಿಟ್ಟಳು. ಖಾಲಿ ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿ, ಕೊಕ್ಕೆಗೆ ತಂಗಳು ಮುದ್ದೆ ಚುಚ್ಚಿ ಎಸೆದು, ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡಳು. ಕಣ್ಣಿನ ಕೆಲಸ ಇನ್ನು ಬೆರಳಿಗೆ.

ಆಚೆ ಕಲ್ಲಿನ ಮೇಲೆ ಭಾರತೀನಗರದ ಕಾಲೇಜು ಹುಡುಗ ಯತೀಶ. ಕೈಯಲ್ಲಿ ಆನ್‌ಲೈನಲ್ಲಿ ತರಿಸಿದ ಮೀನು ಹಿಡಿಯೋ ರಾಡು, ಕೊಕ್ಕೆಗೆ ಅಂಗಡಿ ಹಿಟ್ಟು. ಮೆತ್ತನೆ ಹಿಟ್ಟನ್ನು ಜಿಲೇಬಿ ಮೀನಿನ ಮರಿಗಳು ನಿಮಿಷಕ್ಕೊಂದು ಸಲ ತಿಂದು ಖಾಲಿ ಮಾಡುತ್ತಿದ್ದವು.

“ಅಜ್ಜಿ, ಬೆಂಡೆಲ್ಲೋಯ್ತು? ಅದ್ನೂ ಮೀನು ಒತ್ಕೊಂಡೋಯ್ತಾ?”

“ನೀನು ಮರಿಗಳಿಗೆ ಉಣ್ಣಕ್ಕಿಕ್ಕು. ಅವರವ್ವ ನನ್ತಾವ್ಕೆ ಬತ್ತಾಳೆ.”

ಮೂರಾಯಿತು, ನಾಲ್ಕಾಯಿತು. ಬೆರಳಿಗೆ ಬರೀ ಪುಟುಪುಟು. ಮರಿಗಳು ಕುಕ್ಕುತ್ತವೆ, ಕಲ್ಲಿನಂಥ ತಂಗಳು ಮುದ್ದೆ ಜಗ್ಗುವುದಿಲ್ಲ. ನಾಲ್ಕೂಮುಕ್ಕಾಲಾಯಿತು. ಮಹದೇವು ಬರುವ ಹೊತ್ತು. ಮರಿತಾಯಮ್ಮ ಕೆರೆ ಏರಿಯ ಕಡೆ, ಬೈಕಿನ ಸದ್ದಿಗೆ ಕಿವಿಗೊಟ್ಟಳು.

ಆಗ ದಾರ ಮೆಲ್ಲಗೆ, ಎಮ್ಮೆ ಹಗ್ಗ ಎಳೆದ ಹಾಗೆ ಸರಿಯಿತು. ಒಂದು ಮೊಳ ಬಿಟ್ಟಳು, ಇನ್ನೊಂದು ಮೊಳ ಬಿಟ್ಟಳು. ಆಮೇಲೆ ಒಂದೇ ಜಗ್ಗು!

ಕೆರೆ ಸಿಡಿಯಿತು. ಯತೀಶ ರಾಡು ಬಿಸಾಕಿ ಓಡಿಬಂದ.

“ಕೊಡಜ್ಜಿ, ನಾನೆಳೀತೀನಿ!”

“ಮುಟ್ಟಿದ್ರೆ ಕೈ ಮುರೀತೀನಿ ಕಣ್ಲಾ!”

ಮೀನು ಎಳೆದಾಗ ದಾರ ಬಿಡುತ್ತ, ಸುಸ್ತಾದಾಗ ಸುತ್ತುತ್ತ, ಏರಿ ಬುಡದಲ್ಲೇ ನಡೆದು ದನ ನೀರು ಕುಡಿಯುವ ಆಳವಿಲ್ಲದ ಕಡೆಗೆ ಅದನ್ನು ಕರೆತಂದಳು. ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಕಿವಿರಿಗೆ ಕೈ ಹಾಕಿ ದಡಕ್ಕೆ ಎಸೆದಳು. ತೋಳಿಗಿಂತ ಉದ್ದದ ಗೆಂಡೆ ಮೀನು!

ಏರಿ ಮೇಲೆ ಬೈಕ್ ನಿಂತಿತು.

“ಅವ್ವಾ... ಎಷ್ಟ್ ಕೇಜಿ ಇದು?”

“ತೂಕ ಆಮ್ಯಾಕೆ. ಗಾಳ ಬೇಕೇನ್ಲಾ ನಿಂಗೆ?”

ಮಹದೇವು ತಲೆ ಕೆರೆದುಕೊಂಡ. “ನೀನೇ ಮಡೀಕವ್ವ. ನಾಳೆ ಕೆಲ್ಸಕ್ಕೋಯ್ತಾ ಇಲ್ಲೇ ಇಳಿಸ್ಬುಟ್ಟು ಓಯ್ತೀನಿ.”

ಈಗ ಯತೀಶನೂ ತಂಗಳು ಮುದ್ದೆ ತರುತ್ತಾನೆ. ನೀವೂ ಒಂದು ಮಧ್ಯಾಹ್ನ ಹೋಗಿ ನೋಡಿ ಬನ್ನಿ. ಭಾರತೀನಗರದಲ್ಲಿ ಬಸ್ಸಿಳಿದು ಗಾಳದ ಮರಿತಾಯಮ್ಮ ಅಂದರೆ ಸಾಕು, ಯಾರಾದರೂ ತೂಬಿನ ದಾರಿ ತೋರಿಸುತ್ತಾರೆ. ಪಕ್ಕದ ಕಲ್ಲಿನ ಮೇಲೆ ಕೂತು ಮಾತಾಡಿಸಿ. ಬೆಂಡೆಲ್ಲಿ ಅಂತ ಮಾತ್ರ ಕೇಳಬೇಡಿ.