ಬಿಳಿ ತಟ್ಟೆಯಲ್ಲಿ ಮೊದಲ ಆಯಿಲ್

ನಮ್ಮ ಅಪ್ಪನನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವನು ‘ಹದಿನಾಲ್ಕು’. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಯಾವಾಗಲೂ ಹದಿನಾಲ್ಕನೇ ನಂಬರಿನ ಸ್ಪ್ಯಾನರು. ನೆಂಟರ ಮನೆಗೆ ಹೋದರೂ ಅದು ಜೊತೆಗೇ. ಅದರ ಭಾರಕ್ಕೆ ಹರಿದ ಜೇಬುಗಳನ್ನು ಹೊಲಿದೂ ಹೊಲಿದೂ ಸಾಕಾಗಿ, “ನೀವು ನನ್ನನ್ನ ಕಟ್ಕೊಂಡ್ರೋ, ಆ ಸ್ಪ್ಯಾನರ್‌ನ ಕಟ್ಕೊಂಡ್ರೋ?” ಎಂದು ಅಮ್ಮ ಕೇಳುತ್ತಿದ್ದಳು. “ಅದು ನಿನ್ನ ಹಾಗೆ ಎದುರು ಮಾತಾಡಲ್ಲ ನೋಡು,” ಎಂದು ಅಪ್ಪ ಹಲ್ಲು ಕಿರಿಯುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಗ್ಯಾರೇಜು. ಶಟರ್ ಎತ್ತಿದರೆ ಅಂಗಡಿ, ಇಳಿಸಿದರೆ ಮನೆ. ನಲವತ್ತು ವರ್ಷ ಅಲ್ಲಿ ಕೂತು ಊರವರ ಬೈಕುಗಳನ್ನೆಲ್ಲ ರಿಪೇರಿ ಮಾಡಿದವನು ತನಗೆಂದು ಒಂದು ಹೊಸ ಗಾಡಿ ಕೊಳ್ಳಲಿಲ್ಲ. ಅವನು ಓಡಿಸುತ್ತಿದ್ದದ್ದು ಮೂರು ಗಾಡಿಗಳ ಅವಶೇಷ ಸೇರಿಸಿ ತಾನೇ ಕಟ್ಟಿಕೊಂಡದ್ದು. ಟ್ಯಾಂಕಿನ ಬಣ್ಣ ಒಂದು, ಮಡ್‌ಗಾರ್ಡಿನದು ಇನ್ನೊಂದು.

ಅವನದೊಂದು ಪದ್ಧತಿಯಿತ್ತು. ಯಾರಾದರೂ ಹೊಸ ಬೈಕನ್ನು ಮೊದಲ ಸರ್ವೀಸಿಗೆ ತಂದರೆ, ಇಂಜಿನ್ನಿನಿಂದ ಇಳಿಸಿದ ಆಯಿಲನ್ನು ಸೀದಾ ಡಬ್ಬಕ್ಕೆ ಸುರಿಯುತ್ತಿರಲಿಲ್ಲ. ಎರಡು ಚಮಚೆಯಷ್ಟನ್ನು ಒಂದು ಬಿಳಿ ಪಿಂಗಾಣಿ ತಟ್ಟೆಗೆ ಹಿಡಿದು, ಬಿಸಿಲಿಗೆ ತಂದು, ಓರೆ ಮಾಡಿ ನೋಡುತ್ತಿದ್ದ. ಹೊಸ ಇಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಲೋಹದ ಸಣ್ಣ ಪುಡಿ ಉದುರುತ್ತದಂತೆ. ಅದು ಆಯಿಲಿನಲ್ಲಿ ಮಿಣಮಿಣ ಮಿಂಚುತ್ತದೆ. ಮೊದಲ ಸಲ ಮಾತ್ರ ಹಾಗೆ. ಆಮೇಲೆ ಎಷ್ಟು ಸಲ ಬದಲಾಯಿಸಿದರೂ ಅಷ್ಟು ಮಿಂಚು ಇರುವುದಿಲ್ಲ. ಆ ಮಿಂಚು ನೋಡಿಯೇ ಅಪ್ಪ ಗಾಡಿ ಓಡಿಸಿದವನ ಜಾತಕ ಬಿಚ್ಚುತ್ತಿದ್ದ. “ಮೊದಲನೇ ವಾರವೇ ಕಿವಿ ಹಿಂಡಿ ಓಡಿಸಿದೀರಿ. ಸುಳ್ಳು ಹೇಳ್ಬೇಡಿ, ತಟ್ಟೆ ಹೇಳ್ತಾ ಇದೆ.” ಗಿರಾಕಿ ತಲೆ ಕೆರೆದುಕೊಳ್ಳುತ್ತಿದ್ದ.

ನಾನು ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತಗೊಂಡು ಬರುವುದು. “ನೀನು ರಕ್ತ ತೆಗೀತೀಯ, ನಾನು ಆಯಿಲ್ ತೆಗೀತೀನಿ. ಇಬ್ರದ್ದೂ ಒಂದೇ ಕಸುಬು. ನಂದಕ್ಕೆ ಯಾರೂ ಕಿರಿಚಲ್ಲ, ಅಷ್ಟೇ ವ್ಯತ್ಯಾಸ,” ಎನ್ನುತ್ತಿದ್ದ ಅಪ್ಪ. ಹೋದ ವರ್ಷ ನಾನು ಸಾಲ ಸೋಲ ಮಾಡದೆ, ಸಂಬಳದಲ್ಲಿ ಉಳಿಸಿ ಹೊಸ ಬೈಕ್ ತಂದೆ. ನಮ್ಮ ಮನೆಗೆ ಬಂದ ಮೊದಲ ಹೊಸ ಗಾಡಿ. ಅಪ್ಪ ಅದನ್ನು ಸುತ್ತು ಹಾಕಿದ, ಸೀಟಿನ ಪ್ಲಾಸ್ಟಿಕ್ ಸವರಿದ, ಕಿವಿ ಇಟ್ಟು ಇಂಜಿನ್ ಕೇಳಿದ. ಕೊನೆಗೆ, “ಐನೂರು ಕಿಲೋಮೀಟರ್ ಆಗ್ಲಿ. ಮೊದಲನೇ ಸರ್ವೀಸ್ ನಂದು,” ಎಂದ. “ಮತ್ತೆ ಇನ್ಯಾರದ್ದು?” ಎಂದೆ ನಾನು. ನನಗೆ ಬಾಯಿ ಮುಂದೆ, ಬುದ್ಧಿ ಹಿಂದೆ. ಇದು ಅಮ್ಮ ಹೇಳಿದ್ದು, ಸುಳ್ಳೇನಲ್ಲ.

ಡೀಲರ್ ಕಡೆಯ ಹುಡುಗಿ ದಿನ ಬಿಟ್ಟು ದಿನ ಫೋನ್ ಮಾಡತೊಡಗಿದಳು. “ಮೇಡಂ, ಫಸ್ಟ್ ಸರ್ವೀಸ್ ಡ್ಯೂ ಇದೆ. ಲೇಬರ್ ಫ್ರೀ ಮೇಡಂ.”

“ಹಾಗಾದ್ರೆ ಏನೂ ಕೊಡೋ ಹಾಗಿಲ್ವಾ?”

“ಆಯಿಲ್, ಫಿಲ್ಟರ್, ವಾಷಿಂಗ್, ಮತ್ತೆ ಸಣ್ಣಪುಟ್ಟದ್ದು ಇರುತ್ತೆ ಮೇಡಂ, ಅಷ್ಟಕ್ಕೆ ಮಾತ್ರ.”

ಫೋನ್ ಸ್ಪೀಕರಿನಲ್ಲಿತ್ತು. ಅಪ್ಪ ಗ್ಯಾರೇಜಿನಿಂದಲೇ ಕೂಗಿದ: “ಕೇಳಿದ್ಯಾ? ಊಟ ಫ್ರೀ, ತಟ್ಟೆಗೆ ದುಡ್ಡು! ಮನೇಲಿ ಡಾಕ್ಟ್ರನ್ನ ಇಟ್ಕೊಂಡು ಯಾರಾದ್ರೂ ಆಸ್ಪತ್ರೆಗೆ ದುಡ್ಡು ಕಟ್ತಾರಾ?”

ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ನಗಬೇಕಾದ ಮಾತಿಗೆ ನಮಗೆ ನಗು ಬರಲಿಲ್ಲ.

ಕಾರಣ ಇಷ್ಟೇ. ಅದಕ್ಕೆ ಆರು ತಿಂಗಳ ಹಿಂದೆ ಹೈಸ್ಕೂಲು ಮೇಷ್ಟ್ರು ತಮ್ಮ ಬೈಕನ್ನು ಆಯಿಲ್ ಬದಲಾಯಿಸಲು ಬಿಟ್ಟಿದ್ದರು. ಇಪ್ಪತ್ತು ವರ್ಷದ ಗಿರಾಕಿ. ಅಪ್ಪ ಹಳೆ ಆಯಿಲ್ ಇಳಿಸಿದ, ಬೋಲ್ಟ್ ಬಿಗಿ ಮಾಡಿದ, ಟೀ ಕುಡಿಯಲು ಒಳಗೆ ಬಂದ. ಟೀ ಕುಡಿದು ಹೋದವನು ಗಾಡಿ ಒರೆಸಿ ಕೀಲಿ ಕೊಟ್ಟ. ಹೊಸ ಆಯಿಲ್ ಹಾಕಿಯೇ ಇರಲಿಲ್ಲ. ದೊಡ್ಡ ರಸ್ತೆಯಲ್ಲಿ ಆಯಿಲಿಲ್ಲದ ಇಂಜಿನ್ ಕಾದು ಹಿಡಿದುಕೊಂಡು, ಚಕ್ರ ನಿಂತು, ಮೇಷ್ಟ್ರು ಬಿದ್ದರು. ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ. ಅವರು ಎಂಥ ಮನುಷ್ಯ ಅಂದರೆ, ಅಪ್ಪ ಇಲ್ಲದ ಹೊತ್ತು ನೋಡಿ ಬಂದು ಅಮ್ಮನಿಗೆ ಮೆಲ್ಲಗೆ ಹೇಳಿದರು: “ಅವ್ರಿಗೆ ಗೊತ್ತಾಗೋದು ಬೇಡ. ಗೊತ್ತಾದ್ರೆ ಜೀವ ಬಿಟ್ಟುಬಿಡ್ತಾರೆ. ಆದ್ರೆ ನೀವು ಒಂದು ಕಣ್ಣಿಟ್ಟಿರಿ.” ಇಂಜಿನ್ ಬೇರೆ ಕಡೆ ರಿಪೇರಿ ಮಾಡಿಸಿಕೊಂಡರು. ಅಪ್ಪನಿಗೆ ಮಾತ್ರ ಗಾಡಿ ಮಾರಿದೆ ಎಂದರು. ಆಮೇಲೂ ಸಂಜೆ ಬಸ್ಸಿನಲ್ಲಿ ಬಂದು ಟೀಗೆ ಕೂರುತ್ತಿದ್ದರು. “ಅಂಥಾ ಗಾಡಿ ಮಾರಿದ್ರಲ್ಲ ಪುಣ್ಯಾತ್ಮ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದು ಅಪ್ಪ ಅವರನ್ನು ದಿನಾ ಬೈಯುತ್ತಿದ್ದ. ಅವರು ಲೋಟದೊಳಗೆ ನೋಡುತ್ತ ಬೈಸಿಕೊಳ್ಳುತ್ತಿದ್ದರು.

ಅಲ್ಲಿಂದ ನಾವು ಕಣ್ಣಿಟ್ಟೆವು. ಅಪ್ಪ ಊಟಕ್ಕೆ ಕೂತಾಗ ಅಮ್ಮ ಹೋಗಿ ಗಾಡಿಗಳ ಬೋಲ್ಟ್ ಮುಟ್ಟಿ ನೋಡುತ್ತಿದ್ದಳು. ಮೆಕ್ಯಾನಿಕ್ಕನ ಹೆಂಡತಿಗೆ ಅಷ್ಟು ಗೊತ್ತಿರುತ್ತದೆ. ಶಟರಿನ ಒಳಮೈ ಮೇಲೆ ಅಪ್ಪ ಚಾಕ್‌ಪೀಸಿನಲ್ಲಿ ಸಣ್ಣ ಗೆರೆಗಳನ್ನು ಎಳೆಯತೊಡಗಿದ್ದ; ಏನೋ ಅವನ ಲೆಕ್ಕ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ.

ಈಗ ನನ್ನ ಗಾಡಿ. ಡೀಲರಿಗೆ ದುಡ್ಡು ಕೊಡಲೋ, ಅಪ್ಪನ ಕೈಗೆ ಬಿಡಲೋ? ಪಕ್ಕದಲ್ಲಿ ನಿಂತು ಕಾಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೆಲಸ ಮಾಡುವಾಗ ಬೆನ್ನ ಹಿಂದೆ ನಿಂತು ನೋಡುವ ಗಿರಾಕಿಗೆ “ನಂಬಿಕೆ ಇಲ್ದಿದ್ರೆ ತಳ್ಕೊಂಡು ಹೋಗಿ” ಎಂದು ಕೀಲಿ ಎಸೆದವನು ಅವನು. ನಾನು ನಿಂತರೆ ಒಂದೇ ನಿಮಿಷದಲ್ಲಿ ಅವನಿಗೆ ಅರ್ಥವಾಗುತ್ತಿತ್ತು. “ನಿನ್ನ ಗಾಡಿ, ನಿನ್ನ ಜೀವ. ಆ ಕಡೆ ಅವ್ರ ಜೀವ. ನಾನೇನು ಹೇಳ್ಲಿ?” ಎಂದು ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ನಾನು ಬಿದ್ದರೆ ಬೀಳಲಿ ಎಂದು ಒಮ್ಮೆ ಅನ್ನಿಸುತ್ತಿತ್ತು. ಆಮೇಲೆ, ನನ್ನನ್ನು ಬೀಳಿಸಿದ್ದು ತನ್ನ ಕೈ ಎಂದು ಗೊತ್ತಾದರೆ ಅವನು ಉಳಿಯುತ್ತಾನಾ ಅನ್ನಿಸುತ್ತಿತ್ತು.

ಗುರುವಾರ ಕೆಲಸ ಮುಗಿಸಿ ಡೀಲರ್ ಹತ್ತಿರ ಹೋದೆ. ಗಾಜಿನ ಗೋಡೆಯ ಈಚೆ ಸೋಫಾ, ಎ.ಸಿ., ಕಾಫಿ ಮಿಷನ್ನು. ಆಚೆ ನನ್ನ ಗಾಡಿ. ಒಳಗೆ ಹೋಗುವ ಹಾಗಿಲ್ಲ. ಕೌಂಟರಿನವನನ್ನು, “ಇಳಿಸಿದ ಆಯಿಲ್ ಏನು ಮಾಡ್ತೀರಿ?” ಎಂದು ಕೇಳಿದೆ. “ಡ್ರಮ್ಮಿಗೆ ಹೋಗುತ್ತೆ ಮೇಡಂ. ಯಾಕೆ?” “ಯಾರೂ ನೋಡಲ್ವಾ?” “ಅದರಲ್ಲಿ ನೋಡೋದೇನಿದೆ ಮೇಡಂ?” ಎಂದು ನಕ್ಕ. ನನಗೆ ಯಾಕೋ ಅವನ ಮೇಲೆ ರೇಗಿಹೋಯಿತು. ಬಿಲ್ ಕಟ್ಟಿದೆ. ಸರ್ವೀಸ್ ಪುಸ್ತಕಕ್ಕೆ ಸೀಲು ಒತ್ತಿಕೊಟ್ಟರು. ಪುಸ್ತಕವನ್ನು ಸೀಟಿನ ಕೆಳಗೆ ತುರುಕಿ, ಬಿಲ್ಲನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

ನನ್ನ ಉಪಾಯ ಕೇಳಿದರೆ ನೀವು ಉಗಿಯುತ್ತೀರಿ. ಅಪ್ಪ ಹೇಗೂ ಮರೆಯುತ್ತಾನೆ ಎಂದುಕೊಂಡಿದ್ದೆ. ಇನ್ನೂ ಐನೂರು ಆಗಿಲ್ಲ ಎಂದು ನಾಲ್ಕು ಸಲ ಹೇಳಿದರೆ ಆಯಿತು, ಐದನೇ ಸಲ ಅವನೇ ಕೇಳುವುದಿಲ್ಲ. ಹೆತ್ತ ಅಪ್ಪನ ಮರೆವನ್ನು ನೆಚ್ಚಿಕೊಂಡು ಕೂತ ಮಗಳು ನಾನು. ಎಲ್ಲ ಮರೆಯುತ್ತಿದ್ದವನು ಅದೊಂದನ್ನು ಮರೆಯಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಾಡಿ ಸ್ಟ್ಯಾಂಡಿನ ಮೇಲಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡಿದ್ದ. ಬೋಲ್ಟ್ ಬಿಚ್ಚಿ ಆಗಿತ್ತು. “ಅಪ್ಪಾ, ಇರು—” ಎನ್ನುವಷ್ಟರಲ್ಲಿ ಅವನು ತಟ್ಟೆ ಹಿಡಿದು ಬಿಸಿಲಿಗೆ ಹೋದ. “ಬಾ ಇಲ್ಲಿ, ನಿನ್ನ ಬಂಡವಾಳ ನೋಡೋಣ. ಎಷ್ಟು ಸ್ಪೀಡಾಗಿ ಹೊಡೆದಿದೀಯ ಅಂತ ಈಗ ಗೊತ್ತಾಗುತ್ತೆ.”

ತಟ್ಟೆ ಓರೆ ಮಾಡಿದ. ಆಯಿಲು ಜೇನಿನ ಬಣ್ಣದಲ್ಲಿ ತಿಳಿಯಾಗಿತ್ತು. ಒಂದು ಮಿಂಚೂ ಇರಲಿಲ್ಲ. ಮೆಕ್ಯಾನಿಕ್ಕನ ಮಗಳಾಗಿ ಹುಟ್ಟಿ ನನಗೆ ಇದು ಹೊಳೆದೇ ಇರಲಿಲ್ಲ.

ಅಪ್ಪ ಇನ್ನೊಂದು ಕಡೆಗೆ ಓರೆ ಮಾಡಿದ. ಬೆರಳಿಂದ ಮುಟ್ಟಿ ಉಜ್ಜಿದ. ಅವನ ಮುಖದ ಮೇಲಿದ್ದ ನಗು ಹಾಗೇ ಉಳಿದುಕೊಂಡಿತ್ತು, ಆದರೆ ಕಣ್ಣು ಬೇರೆಯಾಗಿತ್ತು. ತಟ್ಟೆ ನೆಲಕ್ಕಿಟ್ಟು, ಶಟರನ್ನು ಅರ್ಧ ಎಳೆದು, ಅದರ ಒಳಮೈಯ ಗೆರೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. “ಬಿಚ್ಚಿದ್ದಕ್ಕೆ ಒಂದು ಗೆರೆ, ಹಾಕಿದ್ದಕ್ಕೆ ಒಂದು ಗೆರೆ,” ಎಂದು ತನ್ನಷ್ಟಕ್ಕೇ ಹೇಳಿಕೊಂಡ. “ನಿನ್ನ ಗಾಡಿದು ಇಲ್ಲಿಲ್ಲ. ಆಯಿಲ್ ಹೊಸದು. ಅಂದ್ರೆ ನಾನು ಮಾಡಿದೀನಿ. ಗೆರೆ ಹಾಕೋದನ್ನೂ ಮರ್ತಿದೀನಿ. ಯಾವಾಗ ಮಾಡ್ದೆ ಕಣಮ್ಮಾ? ನೀನು ನೋಡಿದ್ಯಾ?”

ಅಯ್ಯೋ, ಆ ಗೆರೆಗಳು! ತಾನು ಮರೆಯುತ್ತಿದ್ದೇನೆ ಎಂದು ಅವನಿಗೂ ಗೊತ್ತಿತ್ತು. ಅವನು ನಮ್ಮಿಂದ ಮುಚ್ಚಿಟ್ಟಿದ್ದ, ನಾವು ಅವನಿಂದ ಮುಚ್ಚಿಟ್ಟಿದ್ದೆವು, ಒಂದೇ ಮನೆಯಲ್ಲಿ.

ಸುಮ್ಮನಿದ್ದರೆ ನನ್ನ ಮೋಸ ಮುಚ್ಚಿಹೋಗುತ್ತಿತ್ತು. ಆದರೆ ಆ ಮುಖ ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಒಳಗೆ ಹೋಗಿ ಬ್ಯಾಗಿನಿಂದ ಬಿಲ್ ತಂದು ಕೈಗಿಟ್ಟೆ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಆಮೇಲೆ ಜೋರಾಗಿ ನಕ್ಕ. ಅಂಥ ನಗು ಅವನಿಂದ ಕೇಳಿ ವರ್ಷವಾಗಿತ್ತು. “ನಾನಲ್ಲ! ನಾನು ಮರೀಲಿಲ್ಲ ಕಣೇ! ಲೇ, ಬಾರೇ ಇಲ್ಲಿ, ನಿನ್ನ ಮಗಳು ಆ ಗಾಜಿನ ಅಂಗಡಿಗೆ ದುಡ್ಡು ದಂಡ ಕಟ್ಟಿ ಬಂದಿದಾಳೆ! ವಾಷಿಂಗಿಗೂ ಹಾಕಿದಾನೆ ನೋಡು ಕಳ್ಳ ನನ್ಮಗ!”

ಅಮ್ಮ ಬಾಗಿಲಿಗೆ ಬಂದಳು. ನಗಲಿಲ್ಲ. ಅವಳ ಮುಖ ನೋಡಿ, ನನ್ನ ಮುಖ ನೋಡಿ, ಅಪ್ಪನ ನಗು ನಿಧಾನಕ್ಕೆ ಇಳಿಯಿತು.

“ಯಾಕಮ್ಮಾ ಅಲ್ಲಿಗೆ ಹೋದೆ?”

ಬಾಯಿ ಜೋರಿನ ನನಗೆ ಒಂದು ಸುಳ್ಳೂ ಸಿಗಲಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತ. ತುಂಬಾ ಹೊತ್ತು ಬಿಲ್ಲನ್ನು ಮಡಿಸುತ್ತ, ಬಿಚ್ಚುತ್ತ ಇದ್ದ. ಕೊನೆಗೆ ಕೇಳಿದ:

“ಮೇಷ್ಟ್ರು ಗಾಡಿ ಮಾರಿಲ್ಲ, ಅಲ್ವಾ?”

ಇಲ್ಲ ಎಂದು ತಲೆಯಾಡಿಸಿದೆ.

“ಅವರಿಗೇನೂ ಆಗ್ಲಿಲ್ವಲ್ಲ?”

“ಮೊಣಕೈ ತರಚಿತ್ತು. ಅಷ್ಟೇ ಅಪ್ಪಾ.”

“ಒಳ್ಳೇ ಕೆಲಸ ಮಾಡ್ದೆ,” ಎಂದ ಅಪ್ಪ. “ನಾನಾಗಿದ್ರೂ ಅಲ್ಲಿಗೇ ಹೋಗ್ತಿದ್ದೆ.” ಅವನು ಬೈದಿದ್ದರೆ, ಬಿಲ್ ಹರಿದು ಮುಖಕ್ಕೆ ಎಸೆದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಹಿಂದಿನ ಜೇಬಿಗೆ ಕೈ ಹಾಕಿ ಸ್ಪ್ಯಾನರ್ ತೆಗೆದು ನನ್ನ ಕೈಗೆ ಕೊಟ್ಟ. “ಬೋಲ್ಟ್ ಹಾಕು. ನೀನೇ ಹಾಕು. ಆಮೇಲೆ ಆಯಿಲ್ ತುಂಬ್ಸು. ನಾನು ನೋಡ್ತಿರ್ತೀನಿ.”

ಸೋಮವಾರ ಶಟರ್ ಎತ್ತಲಿಲ್ಲ. ಮೇಷ್ಟ್ರು ಸಂಜೆ ತಮ್ಮ ಬೈಕಿನಲ್ಲೇ ಬಂದರು, ಅಮ್ಮ ಹೇಳಿಕಳಿಸಿದ್ದಳು. ಅಪ್ಪ ಅವರ ಮೊಣಕೈ ಹಿಡಿದು ನೋಡಿದ. ಇಬ್ಬರೂ ಟೀ ಕುಡಿದರು. ಆಮೇಲೆ ಅಪ್ಪನ ಜೇಬು ಹರಿಯುವುದು ನಿಂತಿತು. ಒಗೆದ ಪ್ಯಾಂಟುಗಳನ್ನು ಮಡಿಸುವಾಗ ಅಮ್ಮ ಹಿಂದಿನ ಜೇಬಿಗೆ ಕೈ ಹಾಕಿ ನೋಡುತ್ತಾಳೆ, ಈಗಲೂ.

ಮೊನ್ನೆ ಎರಡನೇ ಸರ್ವೀಸ್ ಬಂತು. ಡೀಲರ್ ಹುಡುಗಿ ಫೋನ್ ಮಾಡಿದಳು. ಬೇಡಮ್ಮಾ, ಮನೆಯಲ್ಲೇ ಮಾಡಿಸುತ್ತೇನೆ ಎಂದೆ. ಅಷ್ಟು ಹೊತ್ತಿಗೆ ಅಪ್ಪನಿಗೆ ಮೇಷ್ಟ್ರ ಗುರುತು ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಆ ಭಾನುವಾರ, ಆ ಬಿಲ್ಲು, ಯಾವುದೂ ನೆನಪಿನಲ್ಲಿ ಇರಲಿಲ್ಲ. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಶಟರ್ ಎತ್ತಿ, ನಾನು ಬೋಲ್ಟ್ ಬಿಚ್ಚಿದೆ. ಶಟರಿನ ಮೇಲೆ ಒಂದು ಗೆರೆ ಎಳೆದೆ. ಅವನು ಹೇಳುತ್ತಿದ್ದ, ನಾನು ಮಾಡುತ್ತಿದ್ದೆ. ಕೆಲಸ ಒಂದಿಷ್ಟೂ ಮರೆತಿರಲಿಲ್ಲ. ಎಷ್ಟು ಬಿಗಿ, ಎಷ್ಟು ಸಡಿಲ, ಎಲ್ಲಾ ಬಾಯಲ್ಲಿತ್ತು. ಆಯಿಲ್ ತುಂಬಿಸಿ ಎರಡನೇ ಗೆರೆ ಎಳೆದು, ಇಂಜಿನ್ ಶುರು ಮಾಡಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ.

“ಮೊದಲನೇ ಸರ್ವೀಸ್ ಯಾರು ಮಾಡಿದ್ದು ಇದಕ್ಕೆ?”

ಸೀಲು ಬಿದ್ದ ಪುಸ್ತಕ ಸೀಟಿನ ಕೆಳಗೇ ಇತ್ತು. ನಾನು ಸೀಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

“ನೀನೇ ಅಪ್ಪಾ.”

“ಮತ್ತೆ!” ಎಂದ ಅಪ್ಪ. “ಕೇಳು ಸೌಂಡು. ಗೊತ್ತಾಗಲ್ವಾ?”