ತಪಾಸಣೆ ದೊಡ್ಡಮ್ಮ ಅಂಟಿಸಿದ ಚೀಟಿ

ನಮ್ಮ ದೊಡ್ಡಮ್ಮ ಹಾಲಿನ ಪೊಟ್ಟಣದ ಮೇಲಿನ ತಾರೀಖನ್ನು ನಂಬುವುದಿಲ್ಲ, ಮೂಸಿ ನೋಡುತ್ತಾಳೆ. ಬಸ್ಸಿನ ಹಲಗೆಯನ್ನು ನಂಬುವುದಿಲ್ಲ, ಹತ್ತುವ ಮೊದಲು ಕಂಡಕ್ಟರನ್ನು ಕೇಳುತ್ತಾಳೆ, ಹತ್ತಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತಾಳೆ. ನನ್ನ ಮದುವೆಯ ಮಾತು ನಡೆದಾಗ, ಹುಡುಗನಿಗೆ ಯಾವ ಚಟವೂ ಇಲ್ಲ ಎಂದು ನಾಲ್ಕು ಜನ ಹೇಳಿದ್ದೇ ಅವಳ ಕಿವಿ ನೆಟ್ಟಗಾಗುವಂತೆ ಮಾಡಿತು.

"ಒಬ್ಬರು ಹೇಳಿದ್ರೆ ಸರಿ. ನಾಲ್ಕು ಜನ ಒಂದೇ ಮಾತು ಹೇಳ್ತಾರೆ ಅಂದ್ರೆ ಎಲ್ಲೋ ಕೂತು ಮಾತಾಡ್ಕೊಂಡು ಬಂದಿದಾರೆ" ಅಂದಳು.

ಮದುವೆಯೇನೋ ಆಯಿತು. ಆದರೆ ಏಳು ವರ್ಷವಾದರೂ ನನ್ನ ಗಂಡನನ್ನು ಅವಳು ಪೂರ್ತಿ ಪಾಸು ಮಾಡಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಹಾಗಾಗಿ ಅವಳ ಅನುಮಾನದಲ್ಲಿ ಅರ್ಧ ಪಾಲು ನನಗೂ ಬಂದಿದೆ, ಒಪ್ಪಿಕೊಳ್ಳುತ್ತೇನೆ.

ಅವಳು ಕೆಲಸ ಮಾಡುವುದು ಟೈರಿನ ಗೋದಾಮಿನಲ್ಲಿ. ತಗಡಿನ ಮಾಡು, ಉದ್ದನೆಯ ಸಾಲುಗಳು, ಸೀರೆಗೆ ಹತ್ತಿದರೆ ಮೂರು ಒಗೆತಕ್ಕೂ ಬಿಡದ ರಬ್ಬರಿನ ವಾಸನೆ. ಹನ್ನೊಂದು ವರ್ಷದಿಂದ ಅಲ್ಲಿ ಟೈರುಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ. ಅಂಗೈಯಷ್ಟು ದೊಡ್ಡ ಚೀಟಿ, ಅದರಲ್ಲಿ ಮೂರು ಸಂಗತಿ. ಪೆಟ್ರೋಲ್ ಪಂಪಿನ ಚಿತ್ರದ ಕೆಳಗೆ ಇಂಧನ ಎಷ್ಟು ಉಳಿಯುತ್ತದೆ ಎಂಬ ದರ್ಜೆ, ಮೋಡದ ಚಿತ್ರದ ಕೆಳಗೆ ಒದ್ದೆ ರಸ್ತೆಯಲ್ಲಿ ಹಿಡಿತ ಎಷ್ಟು ಎಂಬ ದರ್ಜೆ, ಕೆಳಗಡೆ ಓಡುವಾಗ ಎಷ್ಟು ಡೆಸಿಬಲ್ ಸದ್ದು ಎಂಬ ಅಂಕಿ. ದರ್ಜೆಗೆ ಎ ಇಂದ ಇ ತನಕ ಅಕ್ಷರ. ಎ ಎಂದರೆ ಶಹಭಾಸ್, ಇ ಎಂದರೆ ದೇವರೇ ಕಾಪಾಡಬೇಕು. ಮೂಲೆಯಲ್ಲಿ ಇರುವೆಸಾಲಿನಂಥ ಸಣ್ಣ ನಂಬರು. ಅದೇ ನಂಬರು ಟೈರಿನ ಪಕ್ಕದ ಮೇಲೂ ಅಚ್ಚಾಗಿರುತ್ತದೆ, ಎರಡೂ ಒಂದೇ ಆಗಿರಬೇಕು.

ಬೇರೆಯವರು ಅಂಟಿಸಿದ ಚೀಟಿಗಳ ನಂಬರನ್ನು ದೊಡ್ಡಮ್ಮ ಹೋಗುತ್ತಾ ಬರುತ್ತಾ ಪರೀಕ್ಷಿಸುತ್ತಿದ್ದಳು. ಹಾಗಾಗಿಯೇ ಗೋದಾಮಿನಲ್ಲಿ ಅವಳಿಗೆ 'ತಪಾಸಣೆ' ಎಂದು ಹೆಸರು. ತಾನು ಅಂಟಿಸಿದ ಟೈರಿನ ಅಂಚಿಗೆ ಹಳದಿ ಮೇಣದ ಕಡ್ಡಿಯಲ್ಲಿ ಒಂದು ಸರಿ ಗುರುತು, ಅದರ ಪಕ್ಕ ಎರಡು ಚುಕ್ಕಿ ಇಡುತ್ತಿದ್ದಳು. ಮೊದಲು ಒಂದೇ ಚುಕ್ಕಿ ಇತ್ತು. ಯಾರೋ ಅದನ್ನು ನಕಲು ಮಾಡಿ ತಮ್ಮ ತಪ್ಪನ್ನು ತನ್ನ ತಲೆಗೆ ಕಟ್ಟುತ್ತಾರೆಂದು ಎರಡನೆಯದು ಸೇರಿಸಿದಳು.

ನನ್ನ ಗಂಡ ಶಾಲೆಯೊಂದರ ವ್ಯಾನ್ ಡ್ರೈವರ್. ಹೋದ ತಿಂಗಳು ಮುಂದಿನ ಎರಡು ಟೈರು ಸವೆದಿದ್ದಕ್ಕೆ ಹೊಸದನ್ನು ತರಲು ಶಾಲೆಯವರು ಇವರನ್ನೇ ಕಳಿಸಿದರು. ಇವರು ದೊಡ್ಡಮ್ಮನ ಗೋದಾಮಿಗೇ ಹೋದರು, ಜೊತೆಗೆ ನಾನೂ ಹೋದೆ. ಒಂದೇ ಅಳತೆಯಲ್ಲಿ ಎರಡು ಜಾತಿ ಇದ್ದವು. ಒಂದು ಇಂಧನಕ್ಕೆ ಎ, ಒದ್ದೆ ಹಿಡಿತಕ್ಕೆ ಡಿ. ಇನ್ನೊಂದು ಇಂಧನಕ್ಕೆ ಸಿ, ಹಿಡಿತಕ್ಕೆ ಎ, ಸದ್ದು ಮಾತ್ರ ಜಾಸ್ತಿ. ಶಾಲೆಯ ಮುಂದಿನ ಇಳಿಜಾರು ನನಗೆ ಗೊತ್ತು. ಹದಿನಾಲ್ಕು ಮಕ್ಕಳು ಕೂರುವ ಗಾಡಿ, ಸದ್ದಾದರೆ ಆಗಲಿ ಎಂದು ಹಿಡಿತ ಚೆನ್ನಾಗಿರುವುದನ್ನೇ ಆರಿಸಿದೆವು. ದೊಡ್ಡಮ್ಮನೇ ಚೀಟಿ ಅಂಟಿಸಿದ್ದ ಒಂದು ಅಟ್ಟಿಯ ಮೇಲಿಂದ ಎರಡು ಟೈರು ಗೋದಾಮಿನವರು ಇಳಿಸಿಕೊಟ್ಟರು. ಇವರು ಚೀಟಿಯನ್ನು ಜೋಪಾನವಾಗಿ ಕಿತ್ತು ವ್ಯಾನಿನ ಬಾಗಿಲ ಒಳಗೆ ಅಂಟಿಸಿದರು, ಮಕ್ಕಳನ್ನು ಹತ್ತಿಸುವ ಅಪ್ಪ ಅಮ್ಮಂದಿರಿಗೆ ಆ ದೊಡ್ಡ ಎ ಕಾಣಲಿ ಎಂದು.

ಅಲ್ಲಿಂದ ಅನುಮಾನಗಳು ಶುರುವಾದವು. ವಾರ ಕಳೆಯುವುದರೊಳಗೆ ಇವರು, "ಗಾಡಿ ಹತ್ತಿ ಹಂಗೆ ಓಡ್ತಿದೆ, ಒಂಚೂರೂ ಸದ್ದಿಲ್ಲ. ಡೀಸೆಲ್ಲೂ ಉಳೀತಿದೆ" ಎಂದು ಖುಷಿಯಿಂದ ಹೇಳಿದರು. ಮನೆಗೆ ಬಂದಿದ್ದ ದೊಡ್ಡಮ್ಮ ಲೋಟ ಕೆಳಗಿಟ್ಟಳು.

"ಆ ಟೈರಿಗೆ ಇಂಧನಕ್ಕೆ ಸಿ ಇರೋದು. ಉಳಿಯೋದು ಹೆಂಗೆ?"

"ಉಳೀತಿದೆ ದೊಡ್ಡತ್ತೆ, ಮುಳ್ಳು ನೋಡಿದ್ರೆ ಗೊತ್ತಾಗಲ್ವಾ?"

ಅವರು ಕೈ ತೊಳೆಯಲು ಎದ್ದ ಮೇಲೆ ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಂದು, "ದೂರದ ಮಕ್ಕಳನ್ನ ಮನೆ ತನಕ ಬಿಡ್ತಿದಾನೋ, ಅರ್ಧದಲ್ಲೇ ಇಳಿಸ್ತಿದಾನೋ ವಿಚಾರಿಸು" ಅಂದಳು. ನಾನು ಸಿಟ್ಟಾದೆ. ಆದರೆ ಮಾರನೆಯ ದಿನ ದೂರದ ಬಡಾವಣೆಯ ಒಬ್ಬ ತಾಯಿ ಸಿಕ್ಕಾಗ, ವ್ಯಾನು ಮನೆ ಬಾಗಿಲಿಗೇ ಬರುತ್ತದಲ್ಲವೇ ಎಂದು ಕೇಳಿಯೂಬಿಟ್ಟೆ. ಬರುತ್ತದಂತೆ.

ಮೂರನೆಯ ವಾರದ ಗುರುವಾರ ಬೆಳಿಗ್ಗೆ ಮಳೆ ಹಿಡಿಯಿತು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೂ ವ್ಯಾನು ನಿಲ್ಲದೆ ಜಾರಿ, ಗೇಟನ್ನು ದಾಟಿ, ಕಾಂಪೌಂಡು ಗೋಡೆಗೆ ಮೂತಿ ತಾಗಿಸಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಒಬ್ಬಳ ನೀರಿನ ಬಾಟಲಿ ಒಡೆಯಿತು, ಅಷ್ಟೇ. ಆದರೆ ಗೇಟಿನ ಹತ್ತಿರ ನಿಂತಿದ್ದ ಅಪ್ಪ ಅಮ್ಮಂದಿರೆಲ್ಲ ಅದನ್ನು ಕಣ್ಣಾರೆ ನೋಡಿದರು. ವೇಗವಾಗಿ ಓಡಿಸಿದ್ದಾನೆ ಎಂದು ಒಬ್ಬರು ಅಂದರೆ ಫೋನಿನಲ್ಲಿ ಮಾತಾಡುತ್ತಿದ್ದ ಎಂದು ಇನ್ನೊಬ್ಬರು ಅಂದರು. ಮುಖ್ಯೋಪಾಧ್ಯಾಯಿನಿ ಕೀಲಿ ಇಸಿದುಕೊಂಡು, ಸೋಮವಾರ ಹತ್ತು ಗಂಟೆಗೆ ಸಮಿತಿಯ ಮುಂದೆ ಬರಬೇಕು, ಅಲ್ಲಿಯತನಕ ಗಾಡಿ ಮುಟ್ಟುವಂತಿಲ್ಲ ಅಂದರು. ಹದಿನೈದು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ. ಮಕ್ಕಳ ಗಾಡಿಯಿಂದ ತೆಗೆದುಹಾಕಿದರು ಎಂದಾದರೆ ಮುಂದೆ ಯಾರು ಇವರ ಕೈಗೆ ಕೀಲಿ ಕೊಡುತ್ತಾರೆ?

"ಸ್ಪೀಡಿರಲಿಲ್ಲ. ಬ್ರೇಕೂ ಸರಿ ಇತ್ತು. ಟೈರು ಹಿಡೀಲಿಲ್ಲ" ಎಂದು ಇವರು ಒಂದೇ ಮಾತು ಹೇಳುತ್ತಾ ಕೂತರು.

ದೊಡ್ಡಮ್ಮನ ಮುಖ ಗಂಟಿಕ್ಕಿತು. "ಹಿಡಿತಕ್ಕೆ ಎ ಇರೋ ಟೈರು. ಚೀಟಿ ಅಂಟಿಸಿದ್ದು ನಾನು. ಲೋಕದಲ್ಲಿ ಯಾವ ಚೀಟಿ ಬೇಕಾದ್ರೂ ಸುಳ್ಳು ಹೇಳಬಹುದು, ನಾನು ಅಂಟಿಸಿದ್ದು ಹೇಳಲ್ಲ" ಅಂದಳು.

ಶನಿವಾರ ಸಂಜೆ ಅವಳು ಒಂದು ಭೂತಗನ್ನಡಿ ಹಿಡಿದುಕೊಂಡು ಬಂದಳು. ಕನ್ನಡಕ ಅವಳ ಬಳಿ ಇರಲಿಲ್ಲ. ಎರಡು ವರ್ಷದ ಹಿಂದೆಯೇ ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರು. ಡಾಕ್ಟರ ಕೋಣೆಯ ಪಕ್ಕದಲ್ಲೇ ಕನ್ನಡಕದ ಅಂಗಡಿ ಇದ್ದದ್ದನ್ನು ನೋಡಿ, ಇಬ್ಬರೂ ಸೇರಿ ಮಾಡುವ ವ್ಯಾಪಾರ ಇದು ಎಂದು ಆ ಚೀಟಿಯನ್ನು ಹರಿದುಹಾಕಿದ್ದಳು.

ಇವರಿಗೆ ಹೇಳದೆ ನಾವಿಬ್ಬರೂ ಶಾಲೆಗೆ ಹೋದೆವು. ಕಾವಲುಗಾರ ಪರಿಚಯದವನು, ಒಳಗೆ ಬಿಟ್ಟ. ದೊಡ್ಡಮ್ಮ ವ್ಯಾನಿನ ಬಾಗಿಲ ಚೀಟಿಯ ನಂಬರನ್ನು ಭೂತಗನ್ನಡಿಯಲ್ಲಿ ಓದಿ ನನ್ನಿಂದ ಬರೆಸಿಕೊಂಡಳು. ಆಮೇಲೆ ಎಡಗಡೆಯ ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೆಸರು ಒರೆಸಿ ಅಲ್ಲಿಯ ನಂಬರು ಓದಿದಳು. ಕೊನೆಯ ಮೂರು ಅಂಕಿ ಬೇರೆ ಇದ್ದವು. ಅದು ಇಂಧನ ಉಳಿಸುವ, ಹಿಡಿತಕ್ಕೆ ಡಿ ಇರುವ ಗಟ್ಟಿ ರಬ್ಬರಿನ ಟೈರು.

ಅವಳು ಮಂಡಿ ಹಿಡಿದುಕೊಂಡು ಎದ್ದು ನಿಂತಳು. "ನಿನ್ನ ಗಂಡ ಟೈರು ಬದಲಾಯಿಸಿದಾನೆ ಕಣೇ. ಒಳ್ಳೇದನ್ನ ಎಲ್ಲೋ ಸಾಗಿಸಿ, ಇದನ್ನ ಹಾಕಿಸಿ, ಮೇಲೆ ನನ್ನ ಚೀಟಿ ಅಂಟಿಸ್ಕೊಂಡು ಓಡಾಡ್ತಿದಾನೆ."

ಸುಳ್ಳು ಎಂದು ಹೇಳಬೇಕಿತ್ತು, ಕೈಯಲ್ಲಿದ್ದ ಹಾಳೆಯನ್ನೇ ಮತ್ತೆ ಓದಿದೆ. ನಂಬರು ಬರೆದದ್ದು ನನ್ನ ಕೈಯೇ. ಮನೆಗೆ ಬಂದಾಗ ಇವರು ಕಿಟಕಿಯ ಹತ್ತಿರ ಕೂತು ಸೋಮವಾರ ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆಯುತ್ತಿದ್ದರು. ಬರೆಯುವ ಕೈಯನ್ನೇ ನೋಡಿದೆ. ಏಳು ವರ್ಷದಲ್ಲಿ ಇವರು ಹೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ ಮಗುಚಿ ನೋಡಿದೆ. ತಟ್ಟೆಗೆ ಬಡಿಸಿಟ್ಟು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಭಾನುವಾರ ಮಧ್ಯಾಹ್ನ ಇವರು ಹೊರಗೆ ಹೋಗಿದ್ದಾಗ ದೊಡ್ಡಮ್ಮ ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಅವಳ ಸೀರೆಯ ಬೆನ್ನಿಗೆಲ್ಲ ಕೆಸರು. ಒಂದು ಟೈರಿನಿಂದ ಏನೂ ಸಾಬೀತಾಗುವುದಿಲ್ಲ, ಎರಡನೆಯದನ್ನೂ ನೋಡಿಯೇ ಕಳ್ಳನ ಕೈ ಹಿಡಿಯಬೇಕೆಂದು ಮತ್ತೆ ಶಾಲೆಗೆ ಹೋಗಿದ್ದಳಂತೆ. ಬಲಗಡೆಯ ಟೈರಿನ ನಂಬರು ಹೊರಮೈಯಲ್ಲಿ ಸಿಗಲಿಲ್ಲವೆಂದು ಅಂಗಾತ ಮಲಗಿ ಗಾಡಿಯ ಅಡಿಗೆ ತಲೆ ತೂರಿಸಿ ಒಳಮೈಯನ್ನು ಒರೆಸಿದಳಂತೆ.

"ಏನಿತ್ತು?" ಎಂದು ಕೇಳಿದೆ.

"ನನ್ನ ಗುರುತು" ಅಂದಳು. "ಹಳದಿ. ಎರಡು ಚುಕ್ಕಿ. ಆಮೇಲೆ ಎಡಗಡೇದೂ ನೋಡಿದೆ, ಅದರ ಒಳಮೈಲೂ ಇದೆ."

ನನಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಗುರುತು ಇದೆ ಎಂದರೆ ಟೈರು ಬದಲಾಗಿಲ್ಲ. ಗೋದಾಮಿನಲ್ಲಿ ದೊಡ್ಡಮ್ಮ ಚೀಟಿ ಅಂಟಿಸಿದ ಟೈರುಗಳೇ ಅವು. ಬದಲಾಗಿದ್ದು ಚೀಟಿ.

"ಅದು ಹೆಂಗೆ ದೊಡ್ಡಮ್ಮ?"

ಹೇಗೆ ಎಂಬುದನ್ನು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಲಾರಿಯಿಂದ ಇಳಿದ ಟೈರುಗಳನ್ನು ಐದೈದರ ಅಟ್ಟಿ ಮಾಡುತ್ತಾರೆ. ಗುಮಾಸ್ತ ಮೊದಲು ಇಟ್ಟದ್ದನ್ನು ಮೊದಲು ಬರೆಯುತ್ತಾನೆ, ಅಂದರೆ ಪಟ್ಟಿಯ ಒಂದನೆಯದು ಅಟ್ಟಿಯ ತಳದಲ್ಲಿರುತ್ತದೆ. ಚೀಟಿಗಳು ಅದೇ ಕ್ರಮದಲ್ಲಿ ಅಚ್ಚಾಗಿ ಸುರುಳಿಯಾಗಿ ಬರುತ್ತವೆ. ಹಳೆಯ ಯಂತ್ರದ ಸುರುಳಿಯಲ್ಲಿ ಕೊನೆಯ ಚೀಟಿ ಹೊರಗಿರುತ್ತಿತ್ತು, ದೊಡ್ಡಮ್ಮ ಅಟ್ಟಿಯ ಮೇಲಿನಿಂದ ಅಂಟಿಸುತ್ತಾ ಬಂದರೆ ಸರಿಹೋಗುತ್ತಿತ್ತು. ಎರಡು ತಿಂಗಳ ಹಿಂದೆ ಬಂದ ಹೊಸ ಯಂತ್ರದ ಸುರುಳಿಯಲ್ಲಿ ಮೊದಲ ಚೀಟಿಯೇ ಹೊರಗೆ. ಇನ್ನು ಮೇಲೆ ತಳದಿಂದ ಅಂಟಿಸಿ ಎಂದು ಗುಮಾಸ್ತ ಅವಳಿಗೆ ಹೇಳಿಯೂ ಇದ್ದ.

"ಹೇಳಿದ್ನಾ?"

"ಹೇಳಿದ್ದ ಕಣೇ. ನನ್ನ ನೆಲಕ್ಕೆ ಬಗ್ಗಿಸಿ, ಸೊಂಟ ಬೀಳಿಸಿ, ಈ ಜಾಗಕ್ಕೆ ಅವನ ನಾದಿನೀನ ತರೋಕೆ ನೋಡ್ತಿದಾನೆ ಅಂದ್ಕೊಂಡೆ. ಹೂಂ ಅಂದು ಮೇಲಿಂದಾನೇ ಅಂಟಿಸಿದೆ."

ಅಟ್ಟಿಯಲ್ಲಿ ಐದೂ ಒಂದೇ ಜಾತಿಯದಾದರೆ ತಲೆಕೆಳಗಾದರೂ ಏನೂ ವ್ಯತ್ಯಾಸವಿಲ್ಲ. ಬೆರಕೆ ಅಟ್ಟಿಯಾದರೆ ನಡುವಿನ ಟೈರು ಮಾತ್ರ ಸರಿ, ಮೇಲಿನ ಎರಡರ ಚೀಟಿ ತಳದವಕ್ಕೆ, ತಳದವುಗಳ ಚೀಟಿ ಮೇಲಿನವಕ್ಕೆ. ನಾವು ತೆಗೆದುಕೊಂಡದ್ದು ಮೇಲಿನ ಎರಡು. ಇರುವೆಸಾಲಿನ ನಂಬರನ್ನು ಓದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಊರಿನವರದನ್ನೆಲ್ಲ ಓದುತ್ತಿದ್ದವಳು ತನ್ನದನ್ನು ಓದಿರಲಿಲ್ಲ, ಈಚೆಗೆ ಯಾರದೂ ಅವಳಿಗೆ ಕಾಣುತ್ತಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಗೋದಾಮಿನ ಬಾಗಿಲು ತೆಗೆಯುವಾಗಲೇ ಹೋಗಿ ಆ ಅಟ್ಟಿಯನ್ನು ನೋಡಿದಳು. ತಳದ ಎರಡು ಟೈರು ಅಲ್ಲೇ ಇದ್ದವು. ಮೈಮೇಲೆ ಹಿಡಿತದ ನಂಬರು, ಚೀಟಿಯಲ್ಲಿ ಉಳಿತಾಯದ್ದು. ಒಂದು ಚೀಟಿ ಕಿತ್ತುಕೊಂಡು ಹತ್ತಕ್ಕೆ ಸರಿಯಾಗಿ ಶಾಲೆಗೆ ಬಂದಳು.

ಸಮಿತಿ ಎಂದರೆ ಆರು ಜನ, ಉದ್ದ ಮೇಜು, ಮುಟ್ಟದ ನೀರಿನ ಲೋಟಗಳು. ಬಾಗಿಲ ಹತ್ತಿರ ನಾಲ್ಕು ಜನ ಪೋಷಕರು. ನನ್ನ ಗಂಡ ತಮ್ಮ ಹಾಳೆಯನ್ನು ಓದಲು ಶುರು ಮಾಡುವ ಮೊದಲೇ ದೊಡ್ಡಮ್ಮ ಮುಂದೆ ಹೋಗಿ ನಿಂತಳು.

"ಇವರದೇನೂ ತಪ್ಪಿಲ್ಲ ಮೇಡಂ. ಜಾರೋ ಟೈರಿಗೆ ಎ ಅಂತ ಚೀಟಿ ಅಂಟಿಸಿದ ಕೈ ಇದು" ಎಂದು ಬಲಗೈ ಚಾಚಿ ತೋರಿಸಿದಳು. ಸುರುಳಿ, ಅಟ್ಟಿ, ಗುಮಾಸ್ತ, ಕನ್ನಡಕ, ಒಂದನ್ನೂ ಬಿಡದೆ ಹೇಳಿದಳು.

ಮುಖ್ಯೋಪಾಧ್ಯಾಯಿನಿ ಪೆನ್ನಿನ ಕ್ಯಾಪು ಹಾಕಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಅಳಿಯ. ತಂಗಿ ಮಗಳ ಗಂಡ."

ಕೋಣೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹಾಗಾದ್ರೆ ಅಳಿಯನ್ನ ಉಳಿಸೋಕೆ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿಲ್ಲ ಅಂತ ನಾವು ಹೇಗೆ ನಂಬೋದಮ್ಮ?" ಅಂದರು ಅವರು.

ದೊಡ್ಡಮ್ಮನಿಗೆ ಸಿಟ್ಟು ಬರುತ್ತದೆಂದು ನಾನು ಕಣ್ಣು ಮುಚ್ಚಿದೆ. ಬರಲಿಲ್ಲ. ತನ್ನ ಭಾಷೆ ಆಡುವವರು ಕೊನೆಗೂ ಸಿಕ್ಕರು ಎನ್ನುವ ಹಾಗೆ ಅವಳ ಮುಖ ಅರಳಿತು.

"ಸರಿಯಾಗಿ ಕೇಳಿದ್ರಿ. ನಂಬಬೇಡಿ. ಬನ್ನಿ, ನೀವೇ ಓದಿ" ಎಂದು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.

ಆರು ಜನರೂ ಅಂಗಳಕ್ಕೆ ಬಂದರು. ಮುಖ್ಯೋಪಾಧ್ಯಾಯಿನಿ ಸೆರಗು ಸಿಕ್ಕಿಸಿಕೊಂಡು ಟೈರಿನ ಮುಂದೆ ಕೂತು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಬಾಗಿಲ ಚೀಟಿಯನ್ನು ಓದಿದರು, ದೊಡ್ಡಮ್ಮ ತಂದ ಚೀಟಿಯನ್ನು ಓದಿದರು. ಕಾವಲುಗಾರ ಚಾಪೆ ಹಾಸಿಕೊಂಡು ಗಾಡಿಯ ಅಡಿಗೆ ನುಸುಳಿ ಹಳದಿ ಗುರುತು ಇದೆ ಎಂದು ಕೂಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಕೀಲಿ ಇವರ ಕೈಗೆ ವಾಪಸು ಬಂತು.

ಗೋದಾಮಿನಲ್ಲಿ ಅದೇ ವಾರ ಅವಳೂ ಗುಮಾಸ್ತನೂ ಸೇರಿ ಎಲ್ಲ ಅಟ್ಟಿಗಳನ್ನೂ ಬಿಚ್ಚಿ ನೋಡಿದರು. ತಪ್ಪು ಚೀಟಿಯ ಒಂಬತ್ತು ಟೈರು ಮಾರಾಟವಾಗಿದ್ದವು. ಕೊಂಡವರಿಗೆಲ್ಲ ಅವಳೇ ಫೋನು ಮಾಡಿ ಹೇಳಿ ಒಂಬತ್ತನ್ನೂ ಬದಲಾಯಿಸಿಕೊಟ್ಟಳು. ಎದುರಿನವರು ಬೈದರೆ ಬೈಸಿಕೊಂಡಳು. ಬೈಯದೆ ಫೋನಿಟ್ಟವರ ಮೇಲೆ ಮಾತ್ರ ಅವಳಿಗೆ ಈಗಲೂ ಅನುಮಾನವಿದೆ. ಕನ್ನಡಕ ಮಾಡಿಸಿದಳು, ಆ ಡಾಕ್ಟರ ಬಳಿಯೇ, ಆದರೆ ಬೇರೆ ಬೀದಿಯ ಅಂಗಡಿಯಲ್ಲಿ.

ನನ್ನ ಕಥೆ ಬಾಕಿ ಉಳಿಯಿತು. ದೊಡ್ಡಮ್ಮ ಹತ್ತು ಜನರ ಮುಂದೆ ತನ್ನ ತಪ್ಪು ಹೇಳಿಕೊಂಡಳು, ನನ್ನದನ್ನು ಒಬ್ಬರ ಮುಂದೆ ಹೇಳಲು ನನಗೆ ಹದಿನೈದು ದಿನ ಬೇಕಾಯಿತು. ಒಂದು ಸಂಜೆ ಇವರು ವ್ಯಾನು ತೊಳೆಯುವಾಗ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಬಾಗಿಲ ಮೇಲೆ ಬದಲಾಯಿಸಿ ಹಾಕಿದ ಟೈರುಗಳ ಹೊಸ ಚೀಟಿ ಇತ್ತು.

"ಆ ಶನಿವಾರ ನಾನೂ ನಿಮ್ಮನ್ನ ನಂಬಲಿಲ್ಲ" ಅಂದೆ.

ಇವರು ಟೈರಿಗೆ ನೀರು ಎರಚುತ್ತಲೇ ಇದ್ದರು. "ಗೊತ್ತಿತ್ತು" ಅಂದರು. "ಅವತ್ತು ನೀನು ಊಟಕ್ಕೆ ಕರೀಲಿಲ್ಲ. ತಟ್ಟೆ ಇಟ್ಟು ಹೋದೆ."